ಕೆಂದಹಸುವಿನ ಏಕಾದಶಿ

ನಮ್ಮ ಬೀದಿಯಲ್ಲಿ ಮೊದಲ ತುತ್ತನ್ನು ಯಾರೂ ತಾವೇ ಉಣ್ಣುತ್ತಿರಲಿಲ್ಲ. ದೇವರಿಗೆ ನೈವೇದ್ಯವಾದ ಮೇಲೆ ಬಾಳೆಯೆಲೆಯ ತುಂಡಿನಲ್ಲಿ ಒಂದು ಹಿಡಿ ಅನ್ನ, ಅದರ ಮೇಲೊಂದು ಚೂರು ಬೆಲ್ಲ ಇಟ್ಟುಕೊಂಡು ಮನೆಯ ಒಬ್ಬರು ಕೊಟ್ಟಿಗೆಗೆ ಹೋಗುವರು. ಅದನ್ನು ಹಸುವಿಗೆ ತಿನ್ನಿಸಿ, ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹಿಂದಿರುಗಿದ ಮೇಲೆಯೇ ಮನೆಯವರಿಗೆ ಎಲೆ ಬೀಳುತ್ತಿದ್ದುದು. ಇದಕ್ಕೆ ಗೋಗ್ರಾಸವೆಂದು ಹೆಸರು. ಹಸುವುಳ್ಳವರು ತಮ್ಮ ಹಸುವಿಗೆ ಕೊಡುವರು. ಇಲ್ಲದವರು ನಮ್ಮ ಕೊಟ್ಟಿಗೆಗೆ ಬರುವರು. ಹಬ್ಬದ ದಿನಗಳಲ್ಲಿ ಮನೆಯಲ್ಲಿ ಹಸುವಿದ್ದವರೂ ನಮ್ಮಲ್ಲಿಗೇ ಬರುತ್ತಿದ್ದರು. ನಮ್ಮ ಕೆಂದಹಸು ಯಾರನ್ನೂ ಹಾಯ್ದದ್ದಿಲ್ಲ, ಯಾರ ಕೈಯನ್ನೂ ಬೇಡವೆಂದದ್ದಿಲ್ಲ. ಪರದೇಶಗಳಲ್ಲಿ ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳವು. ಅಕ್ಕಿಗೂ ಸೀಮೆಎಣ್ಣೆಗೂ ಪರದಾಡುತ್ತಿದ್ದೆವು. ಆದರೂ ಆ ಒಂದು ಹಿಡಿ ಅನ್ನಕ್ಕೆ ಯಾವ ಮನೆಯಲ್ಲಿಯೂ ಕೊರತೆ ಬರಲಿಲ್ಲ.

ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆಗೆ ಹೋಗುವ ದಾರಿಯ ಮಗ್ಗುಲಿನ ಸಣ್ಣ ಅಗ್ರಹಾರ ನಮ್ಮದು. ನಮ್ಮ ತಂದೆಯವರು ಧರ್ಮಶಾಸ್ತ್ರ ಬಲ್ಲವರು. ಸುತ್ತಿನ ಊರುಗಳವರು ಶುದ್ಧಾಶುದ್ಧಗಳ ಸಂದೇಹ ಬಂದಾಗ ಅವರನ್ನು ಕೇಳಿಕೊಂಡು ಹೋಗುತ್ತಿದ್ದರು. ನಾನು ದೇವಸ್ಥಾನದ ಮಂಟಪದಲ್ಲಿ ನಡೆಯುತ್ತಿದ್ದ ಪಾಠಶಾಲೆಯಲ್ಲಿ ವ್ಯಾಕರಣ ಹೇಳುತ್ತಿದ್ದೆ. ಕೆಂದಹಸು ನನ್ನ ಹೆಂಡತಿಯ ಹಿಂದೆಯೇ ಗೌನಿಪಲ್ಲಿಯಿಂದ ಬಳುವಳಿಯಾಗಿ ಬಂದದ್ದು. ಆಗ ಅದಿನ್ನೂ ಹಾಲು ಬಿಟ್ಟ ಕರು. ಮಾವಿನ ತೋಪಿನಲ್ಲಿ ತೆಲುಗು ಕೇಳಿಕೊಂಡು ಬೆಳೆದ ಜೀವ. "ಇಟು ರಾ ಅಮ್ಮಾ" ಎಂದರೆ ಬರುವುದು. ನಾನು "ಬಾ" ಎಂದರೆ ಕಿವಿ ಆಡಿಸಿ ಸುಮ್ಮನೆ ನಿಲ್ಲುವುದು.

ಅಂದಿನ ಮರ್ಯಾದೆಯಂತೆ ಸೊಸೆಯಾದವಳು ಮಾವನೆದುರು ನಿಂತು ಮಾತನಾಡುವಂತಿರಲಿಲ್ಲ, ಹೊರಗಿನ ಗಂಡಸರೊಡನೆಯಂತೂ ಇಲ್ಲವೇ ಇಲ್ಲ. ಆದರೆ ನನ್ನ ಹೆಂಡತಿಗೆ ಹೇಳಬೇಕಾದ ಮಾತುಗಳು ಬಹಳವಿದ್ದವು. ಅವಳು ಅವನ್ನೆಲ್ಲ ಹಸುವಿಗೆ ಹೇಳುತ್ತಿದ್ದಳು. ಮುದ್ದಿನ ಮಾತಾದರೆ ತೆಲುಗಿನಲ್ಲಿ, ಮಾವನವರ ಕಿವಿಗೆ ತಲುಪಬೇಕಾದ ಮಾತಾದರೆ ಕನ್ನಡದಲ್ಲಿ, ತುಸು ಗಟ್ಟಿಯಾಗಿ. "ನೋಡಮ್ಮ, ನಾಳೆ ಶ್ರಾದ್ಧದ ಅಡುಗೆಗೆ ಎಳ್ಳಿಲ್ಲ, ಯಾರಿಗೂ ನೆನಪಿಲ್ಲ" ಎಂದು ಕೊಟ್ಟಿಗೆಯಲ್ಲಿ ಕೇಳಿಸಿದರೆ ಜಗಲಿಯ ಮೇಲಿದ್ದ ತಂದೆಯವರು ನನ್ನ ಕಡೆ ತಿರುಗಿ, "ಹಸು ಎಳ್ಳು ತರೋದಕ್ಕೆ ಹೇಳ್ತಾ ಇದೆ, ಹೋಗಿ ಬಾ" ಎನ್ನುವರು. ಹೀಗೆ ಇಬ್ಬರೂ ನೇರವಾಗಿ ಒಂದು ಮಾತೂ ಆಡದೆ ಪರಸ್ಪರ ಬಹಳ ಅನ್ಯೋನ್ಯವಾಗಿದ್ದರು.

ಆ ವರ್ಷ ಸಂಕ್ರಾಂತಿಗೆ ಹಸುವಿನ ಮೈ ತೊಳೆದು, ಹಿತ್ತಾಳೆಯ ಕೋಡಣಸುಗಳನ್ನು ಕೊಂಬಿನ ತುದಿಗೆ ತೊಡಿಸುವಾಗ ಬಲಗೊಂಬು ಬೆರಳಿನಡಿಯಲ್ಲಿ ಸ್ವಲ್ಪ ಅಲುಗಿತು. ಆಮೇಲೆ ಅದು ತಲೆ ಕೊಡವತೊಡಗಿತು. ಕಂಬಕ್ಕೆ ಕೊಂಬು ಆನಿಸಿ ಕಣ್ಣು ಮುಚ್ಚಿ ನಿಲ್ಲತೊಡಗಿತು. ಬಲಹೊಳ್ಳೆಯಿಂದ ಕೆಟ್ಟ ವಾಸನೆಯ ಕೀವು ಬಂತು. ಬೇವಿನೆಣ್ಣೆ, ಅರಿಶಿನ, ಹೊಗೆ, ಮಂತ್ರಿಸಿದ ದಾರ, ಎಲ್ಲವೂ ಆಯಿತು. ಹಾಲು ಹಿಂದಿನ ಸೂಲಿನ ಕರುವಿಗಷ್ಟೇ ಸಾಲುವಂತಾಗಿ, ಕರೆಯಲು ಕುಳಿತ ನನ್ನ ಹೆಂಡತಿ ಬರಿಯ ಚೊಂಬು ಹಿಡಿದು ಎದ್ದು ಬಂದ ದಿನ ನಾನು ಮುಳಬಾಗಿಲಿಗೆ ನಡೆದೆ.

ಅಲ್ಲಿನ ದನದ ಆಸ್ಪತ್ರೆಯ ಡಾಕ್ಟರು ಮಾಲೂರು ಕಡೆಯವರು, ಲಕ್ಕೂರಿನ ಹತ್ತಿರದ ರಾಗಿ ಬೆಳೆಯುವ ಮನೆತನದ ಮಗ, ನನ್ನದೇ ವಯಸ್ಸು. ಸೈಕಲ್ಲಿನ ಮೇಲೆ ಬಂದು, ಪಾದರಕ್ಷೆಯನ್ನು ಬೀದಿಯಲ್ಲೇ ಬಿಟ್ಟು ಕೊಟ್ಟಿಗೆಗೆ ಬಂದರು. ಎರಡು ಕೊಂಬುಗಳನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿದರು. ಎಡಗೊಂಬು ಟೊಳ್ಳಾಗಿ ನುಡಿಯಿತು. ಬಲಗೊಂಬು ತುಂಬಿದ ಮಡಕೆಯಂತೆ ಸದ್ದಡಗಿಸಿತು.

"ಒಳಗೆ ದುರ್ಮಾಂಸ ಬೆಳೀತಾ ಇದೆ ಸ್ವಾಮಿ. ಕೊಂಬನ್ನ ಬುಡಸಮೇತ ಕುಯ್ದು ತೆಗೀಬೇಕು. ಬಿಟ್ರೆ ತಲೆಗೆ ಇಳಿಯುತ್ತೆ."

"ಇಳಿದರೆ?" ಎಂದರು ತಂದೆಯವರು.

"ಇಳಿದ ಮೇಲೆ ನನ್ನ ಕರೀಬೇಡಿ. ಕರೆದ್ರೂ ಪ್ರಯೋಜನ ಇಲ್ಲ."

ಆಸ್ಪತ್ರೆಗೆ ಹೊಡೆದುಕೊಂಡು ಬಂದರೆ ಹಗ್ಗ ಹಾಕಿ ಕೆಡವಿ, ನಾಲ್ಕು ಆಳು ಹಿಡಿದು, ಕೆಲಸ ಮುಗಿಸಬಹುದೆಂದು ಅವರು ವಿವರಿಸುತ್ತಿದ್ದಂತೆ ಕೊಟ್ಟಿಗೆಯ ಒಳಮೂಲೆಯಿಂದ ಮಾತು ಕೇಳಿಸಿತು.

"ಕೇಳಿಸ್ತೇನೇ ಅಮ್ಮ? ನಿನ್ನ ಕೆಡವ್ತಾರಂತೆ. ಹೊಟ್ಟೇಲಿ ಕೂಸಿದೆ ಅಂತ ಒಬ್ರೂ ಹೇಳಲಿಲ್ಲ ನೋಡು. ನಮ್ಮಪ್ಪನ ಮನೇಲಿ ಎತ್ತನ್ನ ಹಂಗೇ ಕೆಡವಿ ಕೊಂಬು ಕುಯ್ದ್ರು. ಅದರ ಕೂಗು ತೋಪೆಲ್ಲ ಕೇಳ್ತು. ಎದ್ದ ಮೇಲೂ ಅದು ಮನುಷ್ಯರನ್ನ ಹತ್ರ ಸೇರಿಸಲೇ ಇಲ್ಲ. ನಿನಗೆ ಹಂಗಾದ್ರೆ ನಾನು ನಿನ್ನ ಮುಖ ಹೆಂಗೆ ನೋಡ್ಲಿ?"

ಡಾಕ್ಟರು ಬೆರಗಾಗಿ ನನ್ನನ್ನು ನೋಡಿದರು. "ಯಾರ ಹತ್ರ ಮಾತಾಡ್ತಾ ಇದಾರೆ?"

"ಹಸುವಿನ ಹತ್ರ" ಎಂದೆ, ಸ್ವಲ್ಪ ನಾಚಿ.

ಅವರು ಬಗ್ಗಿ, ಹಸುವಿನ ಕಿವಿಯ ಬಳಿ, ಮೂಲೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು: "ಗಬ್ಬ ಅಂತ ಮೊದಲೇ ಹೇಳಿದ್ರೆ ನಾನ್ಯಾಕೆ ಕೆಡವ್ತೀನಮ್ಮ? ನಿಂತ ಹಾಗೇ ಮಾಡೋಣ. ಕಣ್ಣಿನ ಕೊನೆಗೂ ಕೊಂಬಿನ ಬುಡಕ್ಕೂ ನಡುವೆ ಒಂದು ನರ ಹೋಗುತ್ತೆ. ಅಲ್ಲಿ ಮರಗಟ್ಟೋ ಔಷಧಿ ಚುಚ್ಚಿದ್ರೆ ಆ ಕೊಂಬು ನಿಂದಲ್ಲ, ಪಕ್ಕದ ಮನೆಯೋರ್ದು ಅನ್ನೋ ಹಂಗಾಗುತ್ತೆ. ಆದ್ರೆ ನೀನು ಹೆದರಬಾರದು. ಹೆದರಿ ಕುಣಿದ್ರೆ ಸೂಜಿ ಜಾಗ ತಪ್ಪುತ್ತೆ, ರಕ್ತನೂ ಜಾಸ್ತಿ ಹೋಗುತ್ತೆ."

ಮೂಲೆಯಲ್ಲಿ ಬಳೆ ಸದ್ದಾಯಿತು. ನಮ್ಮ ಮನೆಯ ಭಾಷೆಯನ್ನು ಅಷ್ಟು ಬೇಗ ಕಲಿತ ಹೊರಗಿನವರು ಅವರೊಬ್ಬರೇ.

ತಂದೆಯವರು ಮಾತ್ರ ಕೂಡಲೇ ಒಪ್ಪಲಿಲ್ಲ. ಗೋವಿನ ಮೈಗೆ ತಮ್ಮ ಮನೆಯಲ್ಲಿ ಗರಗಸ ತಾಗುವುದೆಂದರೆ ಅವರಿಗೆ ಸಣ್ಣ ಸಂಗತಿಯಲ್ಲ. ಆ ಸಂಜೆಯ ಜಪ ಎಂದಿಗಿಂತ ದೀರ್ಘವಾಯಿತು. ಎದ್ದು ಬಂದು ಅವರು ಹೇಳಿದ ಮಾತನ್ನು ನಾನು ಆಮೇಲೆ ಎಷ್ಟೋ ಜನಕ್ಕೆ ಹೇಳಿದ್ದೇನೆ. "ಗುಣಪಡಿಸಬೇಕು ಅಂತ ಮಾಡಿದ ಕೆಲಸದಲ್ಲಿ ದೋಷವಿಲ್ಲ. ಆದರೆ ನೋವು ತಗ್ಗಿಸೋ ಉಪಾಯ ಕೈಯಲ್ಲಿದ್ದೂ ಬಳಸದೆ ಹೋದರೆ, ಆ ನೋವಿನಷ್ಟೂ ದೋಷ ನಮ್ಮದೇ. ಡಾಕ್ಟರಿಗೆ ಹೇಳು, ಏನೇನು ಬೇಕೋ ಎಲ್ಲ ಮಾಡಲಿ, ನಾವು ಅವರು ಹೇಳಿದ ಹಾಗೆ ನಡೀತೀವಿ."

ಯುದ್ಧದ ದೆಸೆಯಿಂದ ಮರಗಟ್ಟಿಸುವ ಔಷಧಿ ಸುಲಭವಾಗಿ ಸಿಗುತ್ತಿರಲಿಲ್ಲ. ಡಾಕ್ಟರು ಕೋಲಾರಕ್ಕೆ ಹೋಗಿ ಅಲ್ಲಿನ ಹಿರಿಯ ಡಾಕ್ಟರನ್ನು ಕಾಡಿ ಬೇಡಿ ಸ್ವಲ್ಪ ತಂದರು. ಕೆಲಸಕ್ಕೆ ದಿನವನ್ನೂ ಗೊತ್ತುಮಾಡಿದರು. ಕೊಟ್ಟಿಗೆಯಲ್ಲಿಯೇ, ಬೆಳಗ್ಗೆ ಹಾಲು ಕರೆಯುವ ಹೊತ್ತಿನಲ್ಲಿ. ಅವರದು ಒಂದೇ ಕಟ್ಟಪ್ಪಣೆ: ಹಿಂದಿನ ಮಧ್ಯಾಹ್ನದಿಂದ ಮೇವು ಹಾಕಕೂಡದು. ಮೊದಲು ಗೊಟ್ಟದಲ್ಲಿ ಮಂಪರಿನ ಔಷಧಿ ಕುಡಿಸಬೇಕಿತ್ತು. ದನಕ್ಕೆ ಕಷಾಯ ಕುಡಿಸುವ ಬಿದಿರಿನ ಕೊಳವೆಗೆ ನಮ್ಮಲ್ಲಿ ಗೊಟ್ಟವೆನ್ನುತ್ತಾರೆ. ಹೊಟ್ಟೆ ತುಂಬಿದ ಹಸುವಿಗೆ ಮಂಪರು ಹತ್ತಿದರೆ ಹೊಟ್ಟೆಯುಬ್ಬರ ಬಂದು ಉಸಿರೇ ಕಟ್ಟೀತು. ಇದನ್ನು ನಾನು ಮನೆಮನೆಗೂ ಹೋಗಿ ತಿಳಿಸಿ ಬಂದೆ.

ಗೊತ್ತಾದ ದಿನ ಡಾಕ್ಟರು ಬಂದವರು ಪೆಟ್ಟಿಗೆ ತೆರೆಯುವ ಮೊದಲು ಹಸುವಿನ ಎಡಹೊಟ್ಟೆಯನ್ನು ನೋಡಿ ನಿಂತುಬಿಟ್ಟರು. ಕೈಯಿಟ್ಟು ತಟ್ಟಿದರು. ನಗಾರಿ!

"ಏನು ತಿನ್ನಿಸಿದೀರಿ?"

"ಮೇವಾ? ಒಂದು ಕಡ್ಡಿಯೂ ಇಲ್ಲ" ಎಂದೆ. ಸತ್ಯವನ್ನೇ ಹೇಳುತ್ತಿದ್ದೇನೆಂದು ನಾನು ನಂಬಿದ್ದೆ.

ಅಷ್ಟರಲ್ಲಿ ಎದುರುಮನೆಯ ಅಜ್ಜಿ ಎಲೆಯ ತುಂಡನ್ನು ಸೆರಗಿನ ಮರೆಯಲ್ಲಿ ಹಿಡಿದು ಓಣಿಯ ಕಡೆಯ ಬಾಗಿಲಿನಿಂದ ಒಳಗೆ ಬಂದರು. ಬೀದಿಗೆಲ್ಲ ಹಿರಿಯರು, ಹಲ್ಲಿಲ್ಲದ ಬಾಯಲ್ಲಿ ಹುಲಿ.

"ಅದೇನಜ್ಜಿ ಕೈಯಲ್ಲಿ?" ಎಂದರು ಡಾಕ್ಟರು.

"ಗೋಗ್ರಾಸ ಕಣಪ್ಪ. ಒಂದೇ ತುತ್ತು."

"ಮೇವು ಕೊಡಬೇಡಿ ಅಂದಿರಲಿಲ್ವಾ?"

"ಮೇವು ಯಾರಪ್ಪ ಕೊಟ್ರು? ಇದು ಗೋಗ್ರಾಸ ಅಂತಿದೀನಿ! ಪಾಪ, ಇವತ್ತು ಇಷ್ಟು ದೊಡ್ಡ ಕಷ್ಟ ಪಡೋ ಜೀವ. ಅದಕ್ಕೇ ಸೂರ್ಯ ಹುಟ್ಟೋಕೆ ಮುಂಚೆ ಮಡಿಯಲ್ಲಿ ಅಡುಗೆ ಮಾಡಿದೀನಿ."

"ನೀವೊಬ್ರೇನಾ?"

ಬೀದಿಯ ಜನ ಬಾಗಿಲಲ್ಲಿ ಸೇರಿದ್ದರು. ಮೂಲೆಮನೆಯವರು, "ನಮ್ಮನೇದು ಒಂದೇ ತುತ್ತು" ಎಂದರು. ಅರ್ಚಕರು, "ದೇವಸ್ಥಾನದ್ದೂ ಒಂದೇ ತುತ್ತು, ಹುಗ್ಗಿ" ಎಂದರು. ಇನ್ನೊಬ್ಬರದು ಸಿಹಿಗಡುಬು, ಒಂದೇ. ಎರಡು ಸಾಲು ಮನೆಗಳ ಒಂದೊಂದೇ ತುತ್ತುಗಳು ಹಸುವಿನ ಹೊಟ್ಟೆಯಲ್ಲಿ ಕೂಡಿಕೊಂಡಿದ್ದವು. ಗೋಗ್ರಾಸವನ್ನು ಆಹಾರವೆಂದು ಎಣಿಸಬೇಕೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅದು ನಮಗೆ ನೈವೇದ್ಯ, ಅರ್ಪಣೆ.

"ಹುಲ್ಲು ಹಾಕಿದ್ರೆ ಎಷ್ಟೋ ವಾಸಿಯಾಗಿತ್ತಲ್ರೀ!" ಡಾಕ್ಟರು ತಲೆಯ ಮೇಲೆ ಕೈ ಹೊತ್ತರು. "ಅನ್ನ, ಬೆಲ್ಲ ಒಳಗೆ ಹುಳಿ ಬಂದು ಉಬ್ಬಿಸುತ್ತೆ. ಈಗ ಮಂಪರಿನ ಔಷಧಿ ಕೊಟ್ರೆ ನಾನೇ ಕೈಯಾರೆ ಕೊಂದ ಹಾಗೆ."

ಆಗ ತಂದೆಯವರು ಜನರ ಹಿಂದಿನಿಂದ ಮುಂದೆ ಬಂದರು. "ಮೊದಲನೇ ತುತ್ತು ನಾನು ಕೊಟ್ಟದ್ದು" ಎಂದರು. ಪ್ರತಿದಿನವೂ ಮೊದಲನೆಯದು ಅವರ ಕೈಯದೇ. ಅಷ್ಟು ಹೇಳಿ ಒಳಗೆ ಹೋದರು.

ಆ ದಿನವೆಲ್ಲ ಇಂಗು, ಓಮ, ಎಣ್ಣೆಗಳನ್ನು ಗೊಟ್ಟದಲ್ಲಿ ಕುಡಿಸಿ, ಹೊಟ್ಟೆ ತಿಕ್ಕಿ, ಓಣಿಯಲ್ಲಿ ಮೆಲ್ಲಗೆ ನಡೆಸಿ ಹಸುವನ್ನು ಉಳಿಸಿಕೊಂಡದ್ದಾಯಿತು. ಸಂಜೆಗೆ ಉಬ್ಬರ ಇಳಿಯಿತು. ಡಾಕ್ಟರು ತೋಳು ಒರೆಸಿಕೊಳ್ಳುತ್ತ ಜಗಲಿಯ ತುದಿಯಲ್ಲಿ ಕುಳಿತರು. "ತಡ ಮಾಡೋ ಹಾಗಿಲ್ಲ. ಕೊಂಬಿನ ಬುಡ ಆಗಲೇ ಮೆತ್ತಗಾಗಿದೆ. ಆದ್ರೆ ಬೀದಿಯೋರ ಕೈ ಕಟ್ಟೋರು ಯಾರು?"

ಅಜ್ಜಿ ತಮ್ಮ ಜಗಲಿಯಿಂದಲೇ ಕೂಗಿದರು: "ಹಸೂಗೆ ಕೊಡದೆ ನಾವು ಉಣ್ಣೋದು ಹೆಂಗಪ್ಪ? ಕಷ್ಟದಲ್ಲಿರೋಳನ್ನ ಹಸಿವಲ್ಲಿಟ್ಟು ನಾವು ಸಾರು ಸುರಕೊಂಡು ತಿಂದ್ರೆ ಮೈಗೆ ಹತ್ತುತ್ತಾ?"

ಹಸುವನ್ನು ಬೇರೆ ಊರಿಗೆ ಒಯ್ಯೋಣವೆಂದರೆ ಅದು ಬೆದರುತ್ತದೆ. ಕೊಟ್ಟಿಗೆಗೆ ಕಾವಲು ಹಾಕೋಣವೆಂದರೆ ನೆರೆಯವರ ಭಕ್ತಿಗೆ ಬಾಗಿಲು ಮುಚ್ಚಿದಂತಾಗುತ್ತದೆ. ಆಗ ಕೊಟ್ಟಿಗೆಯಿಂದ ಧ್ವನಿ ಬಂತು.

"ಏಕಾದಶಿ ದಿನ ಈ ಬೀದೀಲಿ ಯಾರೂ ಒಲೆ ಹಚ್ಚಲ್ಲ, ಅಲ್ಲೇನೇ ಅಮ್ಮ? ಹಿಂದಿನ ದಿನ ದಶಮಿಗೂ ಒಂದೇ ಹೊತ್ತು ಊಟ. ಅವರೂ ಉಣ್ಣಲ್ಲ, ನಿನಗೂ ಕೊಡಲ್ಲ. ಎಲ್ಲರ ಜೊತೆ ನೀನೂ ಒಂದು ಉಪವಾಸ ಮಾಡ್ತೀಯಾ?"

ನಾನು ತಂದೆಯವರ ಮುಖ ನೋಡಿದೆ. ಹಗಲೆಲ್ಲ ಬಾಡಿದ್ದ ಆ ಮುಖದಲ್ಲಿ ಬೆಳಕು ಮೂಡಿತು. "ಹಸು ಸರಿಯಾಗಿ ಹೇಳಿತು" ಎಂದರು. ಆ ಗಳಿಗೆಯಲ್ಲಿ ನನಗಾದ ಹೆಮ್ಮೆಯನ್ನು ಹೇಗೆ ಬರೆಯಲಿ? ಶಾಸ್ತ್ರ ಓದಿದ ನಾವಿಬ್ಬರೂ, ವೈದ್ಯ ಓದಿದ ಡಾಕ್ಟರೂ ಪಂಚಾಂಗ ನೋಡುವುದನ್ನು ಮರೆತಿದ್ದೆವು. ಅಡುಗೆಯಿಲ್ಲದ ದಿನ ಯಾವುದೆಂದು ಒಲೆಯ ಮುಂದೆ ಕುಳಿತವಳು ಮರೆಯುವಳೇ?

ಏಕಾದಶಿಯವರೆಗಿನ ದಿನಗಳೂ ವ್ಯರ್ಥವಾಗಲಿಲ್ಲ. ಡಾಕ್ಟರು ಹೋಗುವಾಗ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಬಿರಡೆಯ ಸೀಸೆಯಲ್ಲಿ ಕೊಟ್ಟು, "ಈ ವಾಸನೆಗೇ ದನ ಅರ್ಧ ಬೆದರುತ್ತೆ. ಅಭ್ಯಾಸ ಮಾಡಿಸಿ" ಎಂದಿದ್ದರು. ನನ್ನ ಹೆಂಡತಿ ಬೂಸಾ ಇಡುವ ಮೊದಲು ಸೀಸೆ ತೆರೆದು ಅದರ ಮೂಗಿಗೆ ಹಿಡಿಯುತ್ತಿದ್ದಳು. ಹಿಡಿದು, ಬೂಸಾ ಇಡುತ್ತಿದ್ದಳು. ನಾಲ್ಕಾರು ದಿನಗಳಲ್ಲಿ ಬಿರಡೆ ಸದ್ದಾದರೆ ಸಾಕು, ಹಸು ನಾಲಗೆ ಚಾಚುತ್ತಿತ್ತು. ಡಾಕ್ಟರು ಬಿಡುವಾದಾಗಲೆಲ್ಲ ಬಂದು, ಹಾಲು ಕರೆಯುವ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ಕೊಂಬಿನ ಬುಡ ಸವರಿ ಹೋಗುತ್ತಿದ್ದರು. "ಇಟು ರಾ ಅಮ್ಮಾ" ಎನ್ನುವುದನ್ನೂ ಕಲಿತರು. ಅವರ ಬಾಯಲ್ಲಿ ಆ ತೆಲುಗು ಕೇಳಿದರೆ ಕೊಟ್ಟಿಗೆಯ ಮೂಲೆಯಲ್ಲಿ ನಗು ಅದುಮಿಟ್ಟ ಸದ್ದಾಗುತ್ತಿತ್ತು. ತಂದೆಯವರು ಮಾತ್ರ ಕೊಟ್ಟಿಗೆಗೆ ಕಾಲಿಡಲಿಲ್ಲ. ಪ್ರತಿದಿನದ ಗೋಗ್ರಾಸವನ್ನು ನನ್ನ ಕೈಯಲ್ಲಿ ಕಳಿಸುತ್ತಿದ್ದರು.

ಏಕಾದಶಿ ಬಂತು. ನಮ್ಮ ಬೀದಿಯಲ್ಲಿ ಅಂದು ಒಂದು ಹೊಗೆಯೂ ಏಳಲಿಲ್ಲ. ಅದು ಎಂದಿನ ಮಾತೇ. ಆದರೆ ಅಂದು ಬಾಣಂತಿಯ ಮನೆಯಲ್ಲಿ ಕೂಡ ಹಿತ್ತಲಿನಾಚೆ, ವಾಸನೆ ಬಾರದ ಕಡೆ ಗಂಜಿ ಕಾಯಿಸಿಕೊಂಡರು. ಏಕಾದಶಿ ಹಿಡಿಯದ ಹಿಂದಿನ ಕೇರಿಯ ರೈತರು ಹಸಿಹುಲ್ಲಿನ ಹೊರೆಗಳನ್ನು ನಮ್ಮ ಓಣಿಯಲ್ಲಿ ತರದೆ ಕೆರೆಯ ಏರಿಯ ಮೇಲೆ ಸುತ್ತುಹಾಕಿಕೊಂಡು ಹೋದರು, ಹಸಿದ ಹಸುವಿಗೆ ಹುಲ್ಲು ಕಾಣಬಾರದೆಂದು. ಅವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅರ್ಚಕರು ಗಂಟೆ ಬಾರಿಸದೆ ಆರತಿ ಎತ್ತಿದರು. ದೊಡ್ಡ ಊರುಗಳ ದೊಡ್ಡ ದೇವಾಲಯಗಳನ್ನು ನಾನು ಆಮೇಲೆ ಎಷ್ಟೋ ನೋಡಿದ್ದೇನೆ. ಅಂದಿನ ಆ ಮೌನದ ಪೂಜೆಯಷ್ಟು ಪವಿತ್ರವಾದದ್ದನ್ನು ಕಂಡ ನೆನಪಿಲ್ಲ.

ಡಾಕ್ಟರು ಪಾದರಕ್ಷೆಯನ್ನು ಬೀದಿಯ ತುದಿಯಲ್ಲೇ ಬಿಟ್ಟು ಬರಿಗಾಲಿನಲ್ಲಿ ಬಂದರು. ಸಾಮಾನುಗಳು ಒಂದಕ್ಕೊಂದು ತಾಕಿ ಸದ್ದಾಗದಂತೆ ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿದ್ದರು. ನನ್ನ ಹೆಂಡತಿ ಹಾಲು ಕರೆಯುವಾಗ ಉಡುತ್ತಿದ್ದ ಹಳೆಯ ಸೀರೆಯನ್ನೇ ಉಟ್ಟು, ಹಸುವಿನ ಎಡಗಡೆ ನಿಂತು ಕುತ್ತಿಗೆಯಡಿ ಜೋಲುವ ಗಂಗೆದೊಗಲನ್ನು ತುರಿಸುತ್ತಿದ್ದಳು. ಕರುವನ್ನು ಎದುರಿಗೆ ಕಟ್ಟಿದ್ದೆವು. ನೀರಿನಲ್ಲಿ ಬೆರೆಸಿದ ಮಂಪರಿನ ಔಷಧಿ ಗೊಟ್ಟದಿಂದ ಇಳಿಯಿತು. ಸ್ವಲ್ಪ ಹೊತ್ತಿಗೆ ಹಸುವಿನ ಕಿವಿಗಳು ಜೋತವು, ಕಣ್ಣು ಸಣ್ಣದಾಯಿತು, ಕಾಲು ಮಾತ್ರ ಗಟ್ಟಿಯಾಗಿ ನಿಂತಿತ್ತು. ಡಾಕ್ಟರು ತಲೆಯಾಡಿಸಿದಾಗ ನಾನು ಕರುವನ್ನು ಬಿಚ್ಚಿದೆ. ಕರು ಕೆಚ್ಚಲಿಗೆ ಬಾಯಿ ಹಾಕಿದ ಕ್ಷಣದಲ್ಲಿ ಸೂಜಿ ಇಳಿಯಿತು. ಹಸು ಒಮ್ಮೆ ಉಸಿರು ಬಿಟ್ಟಿತು, ಅಷ್ಟೇ.

"ಬಯಪಡೊದ್ದಮ್ಮಾ, ನೇನುಂಡಾ ಗದಾ" ಎನ್ನುತ್ತಿದ್ದಳು ಅವಳು. ಹೆದರಬೇಡ, ನಾನಿದ್ದೇನಲ್ಲ.

ಡಾಕ್ಟರು ಆತುರಪಡಲಿಲ್ಲ. ಬಲಗಣ್ಣಿನ ರೆಪ್ಪೆ ಜೋತುಬೀಳುವವರೆಗೆ ಕಾದರು. ಕೊಂಬಿನ ಬುಡದ ಸುತ್ತ ಸೂಜಿಮೊನೆಯಿಂದ ಚುಚ್ಚಿ ನೋಡಿದರು; ಹಸು ಅಲುಗಲಿಲ್ಲ. ಕಿವಿಯ ಹಿಂದೆ ಒಂದು ಕಡೆ ಚರ್ಮ ಮಿಡುಕಿತು. ಅಲ್ಲಿಗೆ ಇನ್ನಷ್ಟು ಔಷಧಿ ಚುಚ್ಚಿ ಮತ್ತೆ ಕಾದರು. "ಅವಳಿಗೆ ಗೊತ್ತಾದ್ರೆ ನನಗೆ ಸೋಲು" ಎಂದು ಪಿಸುಗುಟ್ಟಿದರು. ಕೊಂಬಿನ ಬುಡಕ್ಕೆ ರಕ್ತ ನಿಲ್ಲುವಂತೆ ದಾರ ಬಿಗಿದು ಗರಗಸ ಇಟ್ಟರು.

ನನ್ನ ಕೆಲಸವೊಂದೇ: ಕೊಂಬನ್ನು ಹಿಡಿದುಕೊಂಡಿರುವುದು, ಅದು ಕಳಚಿದಾಗ ಕಲ್ಲುಹಾಸಿನ ಮೇಲೆ ಬಿದ್ದು ಸದ್ದು ಮಾಡದಂತೆ ನೋಡಿಕೊಳ್ಳುವುದು. ಕೊರೆಯುವ ಸದ್ದು ನನ್ನ ಹಲ್ಲಿಗೆ ತಟ್ಟುತ್ತಿತ್ತು. ಹೊರಗೆ ಜಗಲಿಯಲ್ಲಿ ತಂದೆಯವರು ಪ್ರತಿದಿನ ಆ ಹೊತ್ತಿಗೆ ಹೇಳುವ ಪಾರಾಯಣವನ್ನು, ಪ್ರತಿದಿನದ ಸ್ವರದಲ್ಲಿಯೇ, ಏರಿಸದೆ ಇಳಿಸದೆ ಹೇಳುತ್ತಿದ್ದರು. ಹಸುವಿನ ಎಡಗಿವಿ ಆ ಕಡೆಗೆ ತಿರುಗಿತ್ತು. ಕರು ಹಾಲು ಕುಡಿಯುತ್ತಲೇ ಇತ್ತು. ಕೊಂಬು ನನ್ನ ಕೈಗೆ ಬಂತು, ಬೆಚ್ಚಗೆ, ನಾನೆಣಿಸಿದ್ದಕ್ಕಿಂತ ಭಾರವಾಗಿ. ಡಾಕ್ಟರು ಒಳಗಿನ ದುರ್ಮಾಂಸವನ್ನು ಬುಡದವರೆಗೂ ತೆಗೆದು, ತೊಳೆದು, ಔಷಧಿಯ ಬಟ್ಟೆ ತುಂಬಿ ಕಟ್ಟು ಕಟ್ಟಿದರು. ನೊಣ ಕೂರದಂತೆ ಕಟ್ಟಿನ ಅಂಚಿಗೆ ಡಾಂಬರು ಸವರಿದರು.

ಎಲ್ಲ ಮುಗಿದು ಅವರು ಕೈ ತೊಳೆಯುತ್ತಿರುವಾಗ ಎದುರುಜಗಲಿಯಿಂದ ಅಜ್ಜಿಯ ಧ್ವನಿ ಕೇಳಿಸಿತು.

"ಏನ್ರೋ, ಇನ್ನೂ ಶುರು ಮಾಡಲಿಲ್ವೇನ್ರೋ? ಎಷ್ಟು ಹೊತ್ತು ಕಾಯೋದು?"

ಬೀದಿಯುದ್ದಕ್ಕೂ ಜನ ಜಗಲಿಗಳ ಮೇಲೆ ಕಿವಿಗೊಟ್ಟು ಕುಳಿತಿದ್ದರು. ಹಸುವಿನ ಕೂಗು ಈಗ ಕೇಳೀತು, ಈಗ ಕೇಳೀತು ಎಂದು ಎದೆ ಗಟ್ಟಿಮಾಡಿಕೊಂಡು ಕುಳಿತವರಿಗೆ ಕೂಗು ಕೇಳಿಸಲೇ ಇಲ್ಲ. ನಾನು ಕೊಂಬನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದು ತೋರಿಸಿದೆ. ಅಜ್ಜಿ ಅದನ್ನು ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಡಾಕ್ಟರು ನಿಂತಿದ್ದ ಕಡೆಗೆ ಎರಡೂ ಕೈ ಜೋಡಿಸಿದರು. ತಮಗಿಂತ ಕಿರಿಯರಿಗೆ ಅವರು ಕೈ ಮುಗಿದದ್ದನ್ನು ಬೀದಿ ಅಂದು ಮೊದಲ ಬಾರಿಗೆ ನೋಡಿತು.

ಆದರೆ ಡಾಕ್ಟರು ಇನ್ನೂ ನಗಲಿಲ್ಲ. "ಮರಗಟ್ಟಿದ್ದು ಬಿಟ್ಟ ಮೇಲೆ ನೋವು ಬರುತ್ತೆ. ನಾಳೆ ಬೆಳಗ್ಗೆ ತಾನಾಗಿ ಬಾಯಿ ಹಾಕಿ ತಿಂದು, ಮೆಲುಕು ಹಾಕಿದ್ರೆ ಗೆದ್ದ ಹಾಗೆ. ಹಾಕದಿದ್ರೆ…" ಎಂದು ನಿಲ್ಲಿಸಿದರು. ಅವರು ಊರಿಗೆ ಮರಳಲಿಲ್ಲ. ಕಟ್ಟಿನ ಸುತ್ತ ಆಗಾಗ ತಣ್ಣೀರಿನ ಬಟ್ಟೆ ಇಡುತ್ತ, ಸಂಜೆ ಉಗುರುಬೆಚ್ಚಗಿನ ನೀರು ಕುಡಿಸುತ್ತ ಉಳಿದರು. ಬಾಳೆಹಣ್ಣನ್ನಾದರೂ ತೆಗೆದುಕೊಳ್ಳಿರೆಂದರೆ, "ರೋಗಿ ಉಪವಾಸ, ಬೀದಿ ಉಪವಾಸ, ನಾನೊಬ್ಬ ಹೆಂಗೆ ತಿನ್ಲಿ ಸ್ವಾಮಿ?" ಎಂದರು.

ಮರುದಿನದ ದ್ವಾದಶಿ ಬೆಳಗಿನಲ್ಲಿಯೇ ಮುಗಿದುಹೋಗುವಂಥದು. ತಿಥಿ ಮುಗಿಯುವುದರೊಳಗೆ ಉಂಡು ಪಾರಣೆ ಮಾಡದಿದ್ದರೆ ಏಕಾದಶಿಯ ವ್ರತವೇ ಕೆಡುತ್ತದೆ. ಕೋಳಿ ಕೂಗುವ ಮೊದಲೇ ಒಲೆಗಳು ಹತ್ತಿದವು. ಸೂರ್ಯೋದಯಕ್ಕೆ ಎಲೆ ಹಾಕಿದ್ದಾಯಿತು. ಅಂದಿನ ವಾಡಿಕೆಯಂತೆ ಜಗಲಿಯ ಮೇಲೆ ಎಲೆ ಹಾಕಿಸಬಹುದಾಗಿದ್ದ ಡಾಕ್ಟರಿಗೆ ತಂದೆಯವರು ನಡುಮನೆಯಲ್ಲಿ, ತಮ್ಮ ಎದುರಿಗೆ ಎಲೆ ಹಾಕಿಸಿದರು. ಬಡಿಸಿಯೂ ಆಯಿತು. ಆದರೆ ಯಾರೂ ಕೈಯಿಡಲಿಲ್ಲ. ಹಸು ತಿಂದ ಮೇಲಲ್ಲವೇ ನಾವು?

ದ್ವಾದಶಿಯ ಪಾರಣೆಗೆ ಅಗಸೆಸೊಪ್ಪು ಬೇಕೇ ಬೇಕು. ದನಗಳಿಗೂ ಅದು ಪ್ರಾಣ. ನಾನು ಎಳೆಯ ಕಡ್ಡಿಯೊಂದನ್ನು ಹಿಡಿದು ಹೋದೆ. ಹಸು ಮುಖ ತಿರುಗಿಸಿತು. ಡಾಕ್ಟರು ಹಿಡಿದರು, ಮೂಸಲೂ ಇಲ್ಲ. ಅಜ್ಜಿ ಬಂದು, "ತಿನ್ನೇ ತಾಯಿ, ನನ್ನ ಹೊಟ್ಟೇಲಿ ಬೆಂಕಿ ಬಿದ್ದಿದೆ" ಎಂದರು. ಇಲ್ಲ. ಹೆಂಡತಿ ಹಿಡಿದಾಗ ಅವಳ ಕೈಯನ್ನು ನೆಕ್ಕಿ, ಸೊಪ್ಪನ್ನು ಬಿಟ್ಟಿತು. ಬಿಸಿಲು ಕೊಟ್ಟಿಗೆಯ ಹೊಸ್ತಿಲಿಗೆ ಬಂತು. ಬೀದಿಯ ಎರಡೂ ಸಾಲಿನಲ್ಲಿ ಬಡಿಸಿದ ಎಲೆಗಳ ಮುಂದೆ ಜನ ಕೈಕಟ್ಟಿ ಕುಳಿತಿದ್ದರು. ನನ್ನ ಹೆಂಡತಿ ಹಸುವಿನ ಕುತ್ತಿಗೆಗೆ ಮುಖ ಆನಿಸಿ ನಿಂತವಳು ಇದ್ದಕ್ಕಿದ್ದಂತೆ ನಡುಮನೆಯ ಬಾಗಿಲಿಗೆ ಬಂದಳು. ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡು, ಹಸುವಿಗಲ್ಲ, ನನಗಲ್ಲ, ಎಲೆಯ ಮುಂದೆ ಕುಳಿತಿದ್ದ ಮಾವನಿಗೇ ಹೇಳಿದಳು:

"ಮಾವನವರೇ, ನೀವು ಬಂದು ಕೊಡಬೇಕು. ಅವಳು ಬಂದ ದಿನದಿಂದ ಮೊದಲನೇ ತುತ್ತು ನಿಮ್ಮ ಕೈದೇ ತಿಂದೋಳು. ಇಷ್ಟು ದಿನ ನೀವು ಬರಲಿಲ್ಲ. ನಿಮ್ಮನ್ನೇ ಕಾಯ್ತಾ ಇದಾಳೆ."

ಎಲೆಯ ಮುಂದೆ ಕುಳಿತ ಮೇಲೆ ಉಣ್ಣದೆ ಏಳುವುದನ್ನು ತಂದೆಯವರಲ್ಲಿ ನಾನು ಕಂಡಿರಲಿಲ್ಲ. ಅವರು ಎದ್ದರು. ತಮ್ಮ ಎಲೆಯ ಪಕ್ಕದಲ್ಲಿದ್ದ ಅಗಸೆಯ ಕಡ್ಡಿಯನ್ನು ಎತ್ತಿಕೊಂಡು ಕೊಟ್ಟಿಗೆಗೆ ನಡೆದರು. ಹಸುವಿನ ಎಡಗಡೆಯಿಂದ ಬಂದು, ಎಂದಿನಂತೆ ಬೆನ್ನಿನ ಮೇಲೊಂದು ಕೈಯಿಟ್ಟು, ಸೊಪ್ಪನ್ನು ಮುಂದೆ ಹಿಡಿದರು. ಹಸು ಮೂಸಿತು. ಬಿಸಿಯುಸಿರು ಬಿಟ್ಟಿತು. ನಾಲಗೆ ಸುತ್ತಿ ಕಡ್ಡಿಯನ್ನು ಎಳೆದುಕೊಂಡಿತು. ಅವರ ಕೈ ಖಾಲಿಯಾದ ಮೇಲೂ ಬೆರಳುಗಳನ್ನು ನೆಕ್ಕುತ್ತಿತ್ತು.

ತಂದೆಯವರು ಕಣ್ಣೊರೆಸಿಕೊಂಡು ಡಾಕ್ಟರ ಕಡೆಗೆ ತಿರುಗಿದರು. "ನಮ್ಮ ಹಸು ಇಷ್ಟು ಸ್ಪಷ್ಟವಾಗಿ ಮಾತಾಡಿದ್ದು ಇವತ್ತೇ ಮೊದಲು, ಡಾಕ್ಟರೇ" ಎಂದರು.

ಡಾಕ್ಟರು ಆಗ ನಕ್ಕರು. ಬೀದಿಗೆ ಸುದ್ದಿ ಹೋಯಿತು. ಮನೆಮನೆಯಲ್ಲೂ ಊಟ ಆರಂಭಿಸುವ ಆಪೋಶನದ ನೀರು ಅಂಗೈಗೆ ಬಿತ್ತು. ದ್ವಾದಶಿ ಇನ್ನೂ ಉಳಿದಿತ್ತು. ನಾವು ಪಾರಣೆ ಮುಗಿಸಿ ಕೈ ತೊಳೆದು ಬರುವ ಹೊತ್ತಿಗೆ ಕೆಂದಹಸು ಮಲಗಿ, ಅರೆಗಣ್ಣು ಮುಚ್ಚಿ, ಮೆಲುಕು ಹಾಕುತ್ತಿತ್ತು. ಡಾಕ್ಟರು ಅದರ ದವಡೆ ಆಡುವುದನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದು, ಪಾದರಕ್ಷೆಯನ್ನು ಮೆಟ್ಟಿಕೊಳ್ಳುವುದನ್ನೂ ಮರೆತು ಸೈಕಲ್ಲು ಹತ್ತಿ ಹೋದರು. ಆಮೇಲೆ ಅವರು ಶ್ರೀನಿವಾಸಪುರದಲ್ಲಿಯೂ ಮಾಲೂರಿನಲ್ಲಿಯೂ ಕೆಲಸ ಮಾಡಿದರು. ನಮ್ಮಂಥ ಬೀದಿಗಳಿಂದ ಯಾರಾದರೂ ಕರೆಯಬಂದರೆ, "ಏಕಾದಶಿ ಯಾವತ್ತು ನೋಡ್ಕೊಂಡು ಬನ್ನಿ" ಎನ್ನುತ್ತಿದ್ದರಂತೆ.

ಹಸು ಆಷಾಢದಲ್ಲಿ ಕರು ಹಾಕಿತು. ಮುಂದಿನ ಸಂಕ್ರಾಂತಿಗೆ ಎಡಗೊಂಬಿಗೆ ಹಿತ್ತಾಳೆಯ ಕೋಡಣಸು ತೊಡಿಸಿ, ಬಲಗೊಂಬಿದ್ದ ಜಾಗಕ್ಕೆ ನನ್ನ ಹೆಂಡತಿ ಅರಿಶಿನ ಕುಂಕುಮ ಇಟ್ಟಳು. ಒಂಟಿಕೊಂಬಿನ ಹಸುವನ್ನು ಬೀದಿಯಲ್ಲಿ ಎಲ್ಲಕ್ಕಿಂತ ಮುಂದೆ ನಡೆಸಬೇಕೆಂದು ತಂದೆಯವರೇ ಹೇಳಿದರು. ನಾನು ಹಗ್ಗ ಹಿಡಿದಿದ್ದೆ. ಆ ದಿನ ನಾನು ನಡೆದ ನಡಿಗೆಯನ್ನು ನೋಡಿ ಅಜ್ಜಿ, "ಲೇ, ಕೊಂಬು ನಿನಗೆ ಬಂದಿದೆಯೇನೋ?" ಎಂದು ಹಾಸ್ಯ ಮಾಡಿದರು. ಕೈಯಲ್ಲಿ ಎಲೆಯ ತುಂಡು ಹಿಡಿದೇ ಇದ್ದರು. ಒಂದೇ ತುತ್ತು.